ಎತ್ತು ತಿಂದ ಹುಲ್ಲಿನ ಲೆಕ್ಕ

ಈ ಸಲ ಅಡುಗೆ ವಿಚಾರ ಇಲ್ಲ ಕನ್ರಕ್ಕ, ನನ್ ತಂಗಿ ಹಟ್ಟಿ ಎತ್ತಿನ ವಿಚಾರ. ಯಳಂದೂರಿನ ಚಿಕ್ಕವ್ವ ಫೋನಲ್ಲಿ ಅರ್ಧ ಕೇಳಿಸ್ಕೊಂಡು "ಪೊಲೀಸ್ನೋರು ಎತ್ತು ಕಿತ್ಕೊಂಡು ದುಡ್ಡೂ ಕಿತ್ಕೊಂಡ್ರಂತೆ" ಅಂತ ಬೀದಿಗೆಲ್ಲ ಹೇಳ್ಬುಟ್ಟವ್ಳೆ. ಹಂಗಲ್ಲ ಅದು. ದುಡ್ಡು ಕೇಳಿದ್ದು ಪೊಲೀಸ್ನೋರಲ್ಲ, ಎತ್ತಿಗೆ ಮೇವು ಹಾಕಿದ ಗೋಶಾಲೆಯೋರು.

ತಂಗಿದು ಹನೂರಿನಿಂದ ಆಚೆ ಕಾಡಂಚಿನ ಊರು. ಮಳೆ ನಂಬಿರೋ ಮೂರೆಕರೆ ಹೊಲ. ಹಳೇ ಎತ್ತಲ್ಲಿ ಒಂದು ಸತ್ತೋಗಿತ್ತು. ಹೋದ ವರ್ಷ ಆಡಿ ತಿಂಗಳಲ್ಲಿ ಅವಳ ಗಂಡ ಅಂತಿಯೂರು ಗುರುನಾಥಸ್ವಾಮಿ ಜಾತ್ರೆಗೆ ಹೋದ. ಬರಗೂರು ಬೆಟ್ಟ ಇಳಿದ್ರೆ ತಮಿಳುನಾಡಿನಲ್ಲಿ ಸಿಕ್ಕೋ ಊರು ಅದು. ಎತ್ತು ಮಾತ್ರ ಅಲ್ಲ, ಕುದುರೆ ಕೊಳ್ಳೋಕೂ ಎಲ್ಲೆಲ್ಲಿಂದ್ಲೋ ಜನ ಬತ್ತಾರೆ. ಅಲ್ಲಿ 84,000ಕ್ಕೆ ನಾಲ್ಕು ಹಲ್ಲಿನ ಒಂದು ಜೊತೆ ಹಿಡಿದ. ಪಕ್ಕದ ಹೊಲದೋರೂ ಒಂದು ಜೊತೆ ತಕ್ಕೊಂಡಿದ್ರು. ನಾಲ್ಕನ್ನೂ ಒಂದೇ ಟೆಂಪೋಗೆ ಹತ್ತಿಸಿಕೊಂಡು ರಾತ್ರಿ ಹೊರಟ್ರು.

ದಾರಿಯಲ್ಲಿ ಒಂದು ಕಡೆ ತಡೆದ್ರು. ದನ ಸಾಗಿಸೋಕೆ 1978ರ ಕೇಂದ್ರದ ನಿಯಮ ಅದೆ: ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಹತ್ತಿಸಂಗಿಲ್ಲ, ಪ್ರಯಾಣಕ್ಕೆ ಯೋಗ್ಯವಾಗಿದೆ ಅಂತ ಪಶು ವೈದ್ಯರ ಸರ್ಟಿಫಿಕೇಟ್ ಇರಬೇಕು. ನಾಲ್ಕೇ ಇದ್ವು, ಆದ್ರೆ ಸರ್ಟಿಫಿಕೇಟ್ ಇರಲಿಲ್ಲ. ಅದೂ ಅಲ್ದೆ 2021ರಲ್ಲಿ ಗೋಹತ್ಯೆ ಕಾಯ್ದೆ ಬಂದ ಮೇಲೆ ರಾತ್ರಿ ಹೊತ್ತು ದನದ ಗಾಡಿ ಕಂಡ್ರೆ ಕಸಾಯಿಖಾನೆಗೆ ಅಂತ್ಲೇ ಅನುಮಾನ. "ಉಳೋಕೆ ಸ್ವಾಮಿ" ಅಂದ್ರೆ ನಂಬೋರು ಯಾರು? ಕೇಸಾಯ್ತು. ಎರಡು ದಿನ ಎತ್ತುಗಳು ಠಾಣೆ ಹಿಂದ್ಲ ಮರಕ್ಕೆ ಕಟ್ಟಿದ್ವು, ಆಮೇಲೆ ಗೋಶಾಲೆಗೆ ಹೋದ್ವು. ಆ ಎರಡು ದಿನ ಹುಲ್ಲು, ನೀರು ಹೊತ್ತಿದ್ದು ತಂಗಿ ಗಂಡ್ನೇ. ಈ ಮಾತು ನೆಪ್ಪಲ್ಲಿ ಮಡಿಕ್ಕಳಿ, ಮುಂದೆ ಬತ್ತದೆ.

ಬಿತ್ತನೆ ಕಾಲ. ರಾಗಿ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಹೊಡೆಸಿದ್ಲು. ಇವನು ಲಾಯರ್ ಮನೆ, ಠಾಣೆ, ಕೋರ್ಟು ಅಂತ ಅಲೀತಾ ಇದ್ದ. ಅರ್ಜಿ ತಡವಾಗೇ ಬಿತ್ತು. ಎತ್ತು ಬಿಡುಗಡೆ ಅನ್ನೋ ಹೊತ್ತಿಗೆ ಹಿಡಿದ ರಾತ್ರಿಯಿಂದ 47 ದಿನ ಆಗಿತ್ತು. ಗೋಶಾಲೆಯೋರು ಒಂದು ಚೀಟಿ ಕೊಟ್ರು: ದಿನಕ್ಕೆ ಒಂದು ಎತ್ತಿಗೆ 150 ರೂಪಾಯಿಯಂತೆ 47 ದಿನಕ್ಕೆ 14,100, ಸಾಗಾಣಿಕೆ 4,000, ಔಷಧಿ 1,200. ಒಟ್ಟು 19,300. ಅಷ್ಟು ದಿನ ಒಬ್ಬರೂ "ದಿನಾ ಇಷ್ಟು ಬೀಳ್ತಾ ಅದೆ ಕನಪ್ಪ" ಅಂತ ಬಾಯ್ಬುಟ್ಟು ಹೇಳಿರಲಿಲ್ಲ.

ತಂಗಿ ನಮ್ಮ ಹಟ್ಟಿಗೆ ಬಂದು ಕೂತ್ಲು. "ಅಕ್ಕ, ನಾ ಎಂಟು ವರ್ಸದಿಂದ ಎತ್ಗೆ ಹುಲ್ಲಾಕ್ತಿವ್ನಿ, ಸಗಣಿ ಬಾಚ್ತಿವ್ನಿ. ನಂಗ್ಯಾರು ದಿನಕ್ ನೂರೈವತ್ ಕೊಟ್ಟವ್ರೆ?" ಅಂದ್ಲು. ನಗು ಬಂತು, ಆದ್ರೆ ಅವಳು ನಗಲಿಲ್ಲ.

ಇಬ್ಬರೂ ಕೂತು ಲೆಕ್ಕ ಹಾಕಿದ್ವು. ಒಂದು ಎತ್ತಿಗೆ ದಿನಕ್ಕೆ ಆರೇಳು ಕೇಜಿ ಒಣಹುಲ್ಲು, ಒಂದು ಹೊರೆ ಹಸಿಮೇವು, ಉಳುವ ಕಾಲದಲ್ಲಿ ಒಂದು ಕೇಜಿ ಬೂಸ. ಹುಲ್ಲೆಲ್ಲ ಕೊಂಡೇ ಹಾಕಿದ್ರೂ 150 ಮುಟ್ಟಲ್ಲ ಅಂತ ಅವಳ ವಾದ. ಗೋಶಾಲೆಯ ಯಜಮಾನ್ರು ಹೇಳಿದ್ದು ಬೇರೆ: ಆಳು, ನೀರು, ಕೊಟ್ಟಿಗೆ, ಡಾಕ್ಟರು, ಜೊತೆಗೆ ಯಾರೂ ಬಿಡಿಸ್ಕೊಳ್ಳದ ಮುದಿ ದನ ಎಷ್ಟೋ ಅವೆ, ಅವಕ್ಕೂ ಹೊಟ್ಟೆ ಅದೆ. ಅದು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡೆ. ಆದ್ರೆ ಆ ಮುದಿ ದನದ ಹುಲ್ಲಿಗೆ ನನ್ ತಂಗಿ ಯಾಕ ಕೊಡಬೇಕು?

ನಮ್ಮ ಅಜ್ಜಿ ಕೊಳ್ಳೇಗಾಲದ ಪಕ್ಕದ ಹಳ್ಳಿಯೋಳು. 1956ರ ಗಂಟ ಈ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬೇರೆಯೋರ ಹೊಲ ಮೇಯ್ದ ದನವ ದೊಡ್ಡಿಗೆ ಕೂಡೋರು, ದಂಡ ಕಟ್ಟಿ ಬಿಡಿಸ್ಕೊಂಡು ಬರಬೇಕಿತ್ತು ಅಂತ ಹೇಳೋಳು. ಅದು 1871ರ ದನದ ಕಾಯ್ದೆ, ಬಿಳಿಯರು ಮಾಡಿದ್ದು. ಅದರಲ್ಲಿ ಒಂದು ಒಳ್ಳೇ ಮಾತಿತ್ತು: ದಂಡ ಎಷ್ಟು, ಮೇವು ನೀರಿಗೆ ಎಷ್ಟು ಅನ್ನೋ ಪಟ್ಟಿಯ ದೊಡ್ಡಿ ತಾವ ಎಲ್ಲರಿಗೂ ಕಾಣೋ ಹಂಗೆ ಹಾಕಬೇಕು. ಏಳು ದಿನ ಯಾರೂ ಬರದಿದ್ರೆ ದನವ ಹರಾಜಿಗೆ ಹಾಕೋ ದಾರಿ ಶುರು. ಕಠಿಣವೇ, ಆದ್ರೆ ಎಷ್ಟಾಯ್ತದೆ ಅಂತ ಮೊದಲೇ ಗೊತ್ತು.

ಈಗಿರೋದು 2017ರ ಕೇಂದ್ರದ ನಿಯಮ; ಕುದುರೆಗೂ ಒಂದೇ, ಎತ್ತಿಗೂ ಒಂದೇ. ಕೇಸಲ್ಲಿರೋ ಪ್ರಾಣಿಯ ಗೋಶಾಲೆಗೋ ಪಿಂಜ್ರಾಪೋಲಿಗೋ ಕಳಿಸಬಹುದು, ಖರ್ಚಿಗೆ ಮಾಲೀಕ ಬಾಂಡ್ ಬರ್ಕೊಡಬೇಕು. ಕೊಡದಿದ್ರೆ ಪ್ರಾಣಿ ಕೈ ಬಿಟ್ಟೋಯ್ತದೆ. ನಿಜಕ್ಕೂ ಶಕ್ತಿ ಇಲ್ಲದೋರಾದ್ರೆ ಸ್ಥಳೀಯ ಸಂಸ್ಥೆ ಖರ್ಚು ಹಾಕಿ, ಆಮೇಲೆ ಕಂದಾಯದ ಬಾಕಿ ಥರ ವಸೂಲಿ ಮಾಡೋದು. ದರವ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿ ವರ್ಷ ವರ್ಷ ಗೊತ್ತು ಮಾಡಬೇಕು ಅಂತಲೂ ಅದೆ. ನಮಗೆ ಅಂಥ ಪಟ್ಟಿ ಒಂದನ್ನೂ ಯಾರೂ ತೋರಿಸಲಿಲ್ಲ. ದನದ ವ್ಯಾಪಾರದೋರು ಈ ನಿಯಮದ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಿದ್ರು. 2021ರ ಜನವರಿಯಲ್ಲಿ ನ್ಯಾಯಾಧೀಶರು, ದನ ಅಂದ್ರೆ ಜನರ ಬದುಕು, ತೀರ್ಪಾಗೋಕೆ ಮುಂಚೆ ಹೆಂಗೆ ಕಿತ್ಕೊತೀರಿ ಅನ್ನೋ ಅರ್ಥದಲ್ಲಿ ಕೇಂದ್ರವ ಕೇಳಿದ್ರು.

ನಮ್ಮ ಲಾಯರ್ ಹಿಡಿದದ್ದು ಇನ್ನೊಂದು ದಾರಿ. 1998ರಲ್ಲಿ ಗುಜರಾತಿನ ಒಂದು ಪಿಂಜ್ರಾಪೋಲ್ ಕೇಸಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತ್ತಂತೆ: ಮಾಲೀಕನಿಗೇ ಕೊಡಬೇಕು ಅಂತ ಕಡ್ಡಾಯ ಇಲ್ಲ, ಆದ್ರೆ ಮೊದಲನೇ ಕೇಸಾಗಿದ್ರೆ ಅವನ ಕೋರಿಕೆಗೆ ತೂಕ ಹೆಚ್ಚು, ಹಿಡಿದಾಗ ಪ್ರಾಣಿ ಹೆಂಗಿತ್ತು ಅಂತಲೂ ನೋಡಬೇಕು. ನಮ್ಮೆತ್ತಿಗೆ ಒಂದು ಗಾಯವೂ ಇರಲಿಲ್ಲ.

ಚೀಟಿಯ ಜಗಳ ಮಾತ್ರ ತಂಗಿದೇ. 47 ದಿನದಲ್ಲಿ ಮೊದಲೆರಡು ದಿನ ಎತ್ತು ಗೋಶಾಲೆ ಮುಖವನ್ನೇ ಕಂಡಿರಲಿಲ್ಲ, ಹುಲ್ಲು ತನ್ನ ಗಂಡ ಹೊತ್ತದ್ದು. ಅದರ 600 ಯಾಕ? ಗಾಡಿಯಲ್ಲಿ ನಾಲ್ಕು ಎತ್ತು ಹೋಗಿದ್ವು, 4,000ವ ಎರಡು ಮನೆಗೂ ಪೂರ್ತಿ ಬರ್ದವ್ರೆ. ನಮ್ಮ ಪಾಲು 2,000 ತಾನೆ? ಔಷಧಿದು ಬಿಲ್ ತೋರಿಸಿದ್ರು, ಒಪ್ಪಿದ್ಲು. ದಿನದ 150ಕ್ಕೆ ಲಾಯರು ಎಷ್ಟು ಕೂಗಿದ್ರೂ ಇಳೀಲಿಲ್ಲ. ಕೊನೆಗೆ 16,700ಕ್ಕೆ ನಿಂತು, ಬಾಂಡ್ ಬರ್ಕೊಟ್ಟು ಎತ್ತು ಹೊಡ್ಕೊಂಡು ಬಂದ್ರು. ಪಕ್ಕದ ಹೊಲದೋರು ವಾದ ಮಾಡೋಕೆ ಹೋಗದೆ ಮೊದಲೇ ಪೂರ್ತಿ ಕಟ್ಟಿ ಬಂದಿದ್ರು. ಈಗ ತಂಗಿ ಕಂಡ್ರೆ ಮುಖ ತಿರುಗಿಸ್ತಾರೆ, ಅದ್ಯಾಕೋ.

ನಿಮ್ಮ ಕಡೆ ಯಾರಾದ್ರೂ ಜಾತ್ರೆಯಿಂದ ದನ ತರೋದಿದ್ರೆ ಡಾಕ್ಟರ ಚೀಟಿ, ಕೊಂಡ ರಸೀದಿ ಎರಡೂ ಜೇಬಲ್ಲಿರಲಿ. ಹಿಡಿದ್ರೆ ಮೊದಲ ವಾರದಲ್ಲೇ ಅರ್ಜಿ ಹಾಕ್ಸಿ, ಗೋಶಾಲೆಗೆ ಸೇರಿದ ತಾರೀಕ ಬರ್ಸಿಕೊಳ್ಳಿ. ಹೆಂಗಸ್ರು ಕೇಳಿದ್ರೆ ಬರ್ಕೊಡಲ್ಲ ಅಂತ ಸುಮ್ನೆ ಕೂರ್ಬೇಡಿ. ತಂಗಿ ಕೇಳೇ ಈಸ್ಕೊಂಡ್ಲು.

ಎತ್ತು ವಸಿ ಬಡವಾಗಿದ್ವು, ಹುರುಳಿ ನುಚ್ಚು ಹಾಕಿ ಹಾಕಿ ಈಗ ಸುಮಾರಾಗವೆ. ಕೇಸು ಇನ್ನೂ ನಡೀತಾ ಅದೆ, ಮುಂದಿನ ವಾಯಿದೆ ಶ್ರಾವಣಕ್ಕೆ. 16,700ಕ್ಕೆ ಅಡ ಮಡಗಿದ ಅವಳ ಜುಮುಕಿ ಬ್ಯಾಂಕಲ್ಲೇ ಅವೆ. ಬಡ್ಡಿ ಎಷ್ಟಾಗದೆ ಅಂತ ಮೊನ್ನೆ ಹೋಗಿ ಅದನ್ನೂ ಒಂದು ಚೀಟಿಲಿ ಬರ್ಸಿಕೊಂಡು ಬಂದವ್ಳೆ.