ಶಕ್ತಿನಗರದ ಕೊಳವೆಗಳು

ಕಲ್ಲಿದ್ದಲು ಬಾಯ್ಲರ್‌ನ ಉಕ್ಕಿನ ಕೊಳವೆ ಒಳಗೆ ಹಬೆಯ ಒತ್ತಡವನ್ನೂ ಹೊರಗೆ ಬೆಂಕಿಯ ತಾಪ, ಹಾರುಬೂದಿಯ ಉಜ್ಜುವಿಕೆಯನ್ನೂ ಒಟ್ಟಿಗೆ ತಾಳಬೇಕು. ರಾಯಚೂರು ಸೀಮೆಗೆ ಇಂಥ ಕೊಳವೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1985ರಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಶುರುವಾದಾಗ. ಬಿಸಿಲು 42-43 ಡಿಗ್ರಿ ಮುಟ್ಟಿದರೆ ಗಿಲ್ಲೆಸುಗೂರು, ಮಾನ್ವಿ, ದೇವದುರ್ಗದ ಕಡೆ ಮಧ್ಯಾಹ್ನ ಯಾರೂ ಹೊಲಕ್ಕಿಳಿಯುವುದಿಲ್ಲ. ಆದರೆ ಬಾಯ್ಲರ್‌ನಲ್ಲಿ ಹಬೆ 540 ಡಿಗ್ರಿಯ ಆಸುಪಾಸಿನಲ್ಲಿ ಹಗಲು-ರಾತ್ರಿ ಹರಿಯುತ್ತದೆ.

ಆ ಕಾಲದ ಕೆಲಸಗಾರರ ಬಾಯಲ್ಲಿ ಹೆಚ್ಚು ಓಡಾಡುತ್ತಿದ್ದ ಮಾತು ‘ಟ್ಯೂಬ್ ಲೀಕ್’. ಕೊಳವೆ ಸೀಳಿದರೆ ಘಟಕ ನಿಲ್ಲಿಸಿ, ತಣಿಯಲು ಬಿಟ್ಟು, ಅಟ್ಟಣಿಗೆ ಕಟ್ಟಿ, ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಿದ್ದರು. ಆ ಕೆಟ್ಟ ತುಂಡೇ ನಿಜವಾದ ಪಠ್ಯ. ಸೀಳಿನ ಅಂಚು ತೆಳ್ಳಗೆ, ಮೀನಿನ ಬಾಯಂತೆ ಅಗಲವಾಗಿ ತೆರೆದಿದ್ದರೆ ಕೊಳವೆ ಅಲ್ಪಕಾಲದಲ್ಲೇ ವಿಪರೀತ ಕಾದಿದೆ ಎಂದರ್ಥ. ಅಂಚು ದಪ್ಪಗಿದ್ದು ಒಳಗೆ ಕಪ್ಪು ಚಕ್ಕೆ ಕಟ್ಟಿದ್ದರೆ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗಿದೆ, ಇದು ಕ್ರೀಪ್. ಒಂದೇ ಬದಿ ಉಜ್ಜಿದಂತೆ ನುಣುಪಾಗಿದ್ದರೆ ಬೂದಿಯ ಕೆಲಸ. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಹೆಚ್ಚು, ಅದರಲ್ಲಿ ಗಡಸು ಸ್ಫಟಿಕದ ಕಣಗಳೂ ಹೆಚ್ಚು.

ಕೆಟ್ಟ ತುಂಡನ್ನು ಹೀಗೆ ಓದಲು ಕಲಿಸಿದ ಶಾಲೆಗಳು ದೂರದಲ್ಲಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ 1945ರಷ್ಟು ಹಿಂದಿನದು. 1951ರಲ್ಲಿ ಬ್ರಹ್ಮಪ್ರಕಾಶ್ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ವಿದ್ಯುತ್ ಸ್ಥಾವರಗಳ ನೇರ ನಂಟಿದ್ದದ್ದು 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೆ.

ಸ್ಥಾವರ ಹಳತಾದಂತೆ ಪ್ರಶ್ನೆ ಬದಲಾಯಿತು. ಸೀಳಿದ್ದೇಕೆ ಎಂದು ಕೇಳುತ್ತಿದ್ದವರು, ಸೀಳದೆ ಉಳಿದದ್ದು ಇನ್ನೆಷ್ಟು ದಿನ ಬಾಳೀತು ಎಂದು ಕೇಳತೊಡಗಿದರು. ಕ್ರೀಪ್ ತಾಳುವ ಬಲವನ್ನು ಸಾಮಾನ್ಯವಾಗಿ ಒಂದು ಲಕ್ಷ ಗಂಟೆಗೆ ಲೆಕ್ಕ ಹಾಕುತ್ತಾರೆ. ಬಿಡುವಿಲ್ಲದೆ ಓಡಿದರೂ ಅದು 11 ವರ್ಷ 5 ತಿಂಗಳು. ಅಷ್ಟು ಕಾಲ ಯಾವ ಪ್ರಯೋಗಾಲಯವೂ ಸುಲಭವಾಗಿ ಕಾಯಲಾರದು. ಹೆಚ್ಚು ತಾಪದ ಅಲ್ಪಕಾಲದ ಪರೀಕ್ಷೆಯಿಂದ ದೀರ್ಘಾಯುಷ್ಯ ಅಂದಾಜಿಸುವ ಸೂತ್ರವನ್ನು ಲಾರ್ಸನ್ ಮತ್ತು ಮಿಲ್ಲರ್ 1952ರಲ್ಲೇ ಕೊಟ್ಟಿದ್ದರು. ಸ್ಥಳದಲ್ಲಿ ನಡೆಯುವ ತಪಾಸಣೆ ಇನ್ನೂ ಸೊಗಸಾದದ್ದು: ಹಬೆ ಪೈಪಿನ ಮೈಯನ್ನು ಕನ್ನಡಿಯಂತೆ ಉಜ್ಜಿ, ಆಮ್ಲ ಸವರಿ, ಅಸಿಟೋನ್‌ನಲ್ಲಿ ಮೆತ್ತಗಾದ ತೆಳು ಹಾಳೆಯನ್ನು ಒತ್ತಿ ಅಚ್ಚು ತೆಗೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಲೋಹದ ಕಣಗಳ ಗಡಿಯುದ್ದಕ್ಕೂ ಚುಕ್ಕೆಯಂಥ ಪೊಳ್ಳುಗಳು ಸಾಲುಗಟ್ಟಿದ್ದರೆ ಪೈಪಿಗೆ ವಯಸ್ಸಾಗಿದೆ. ಪೈಪನ್ನು ಕತ್ತರಿಸದೆಯೇ ಇಷ್ಟೆಲ್ಲ ತಿಳಿಯುತ್ತದೆ.

2017ರ ಹೊತ್ತಿಗೆ ಅದೇ ರಾಯಚೂರು ಸೀಮೆಯ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಸೂಪರ್‌ಕ್ರಿಟಿಕಲ್ ಘಟಕಗಳು ಬಂದವು. ಅಲ್ಲಿನ ಒತ್ತಡ 221 ಬಾರ್ ಮೀರುವುದರಿಂದ ನೀರು ಕುದಿಯುವ ಹಂತವೇ ಇಲ್ಲದೆ ಹಬೆಯಾಗುತ್ತದೆ. ಇಂಥ ಬಾಯ್ಲರ್‌ಗಳಿಗೆ ಶೇ. 9ರಷ್ಟು ಕ್ರೋಮಿಯಂ ಇರುವ, ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ರೂಪುಗೊಂಡ 91 ದರ್ಜೆಯ ಉಕ್ಕು ಬೇಕು. ಅದು ಬಲಶಾಲಿ, ಆದರೆ ಬೆಸುಗೆಯಲ್ಲಿ ಅವಸರ ಸಹಿಸದು: ಮೊದಲು 200 ಡಿಗ್ರಿ ದಾಟುವಂತೆ ಕಾಯಿಸಬೇಕು, ಬೆಸೆದ ಮೇಲೆ 750ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದ ಮಾಡಬೇಕು. ಹಾಗೆ ಮಾಡಿದರೂ ಬೆಸುಗೆಯ ಪಕ್ಕದ ಕಿರಿದಾದ ಪಟ್ಟಿಯಲ್ಲೇ ಮುಂದೆ ಬಿರುಕು ಮೂಡುವ ಸಂಭವ ಹೆಚ್ಚು. ಈ ಉಕ್ಕಿನ ಪೈಪಿನಲ್ಲಿ ಅಚ್ಚನ್ನು ಮೊದಲು ಅಲ್ಲಿಂದಲೇ ತೆಗೆಯುತ್ತಾರೆ.