ಬೀಗದ ಕೈ

‘ಎರಡೇ ಗಂಟೆ ಕಣೇ, ಒಂಬತ್ತರೊಳಗೆ ಮನೆ ಸೇರ್ತೀವಿ’ ಎಂದು ಹತ್ತು ಸಲ ಹೇಳಿದ ಮೇಲೆ ನನ್ನ ಗೆಳತಿ ನಾಟಕಕ್ಕೆ ಹೊರಟಳು. ಗಂಡ ಆಫೀಸಿನ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆಯೊಬ್ಬರೇ. ರಾತ್ರಿಯ ಊಟವನ್ನು ಆರಕ್ಕೇ ಬಡಿಸಿ, ಮಂಡಿನೋವಿನವರು ಎದ್ದು ಬಂದು ಚಿಲಕ ತೆಗೆಯುವುದು ಕಷ್ಟವೆಂದು ಹೊರಗಿನಿಂದಲೇ ಬೀಗ ಹಾಕಿಕೊಂಡು ಬಂದಿದ್ದಳು.

ಮೈಸೂರಿನ ರಂಗಾಯಣದ ಆವರಣದಲ್ಲಿರುವ ‘ಭೂಮಿಗೀತ’ ಪುಟ್ಟ ರಂಗಮಂದಿರ. 1989ರಲ್ಲಿ ರಂಗಾಯಣ ಶುರುವಾದಾಗ ಬಿ.ವಿ. ಕಾರಂತರು ಅದರ ಮೊದಲ ನಿರ್ದೇಶಕರು. ಆಮೇಲಿನಿಂದ ಸಂಜೆ ಅಲ್ಲಿಗೆ ನಾಟಕಕ್ಕೆ ಹೋಗುವುದು ಈ ಊರಿನ ಎಷ್ಟೋ ಮನೆಗಳಲ್ಲಿ ರೂಢಿ. ನನ್ನ ಗೆಳತಿಗೆ ಮಾತ್ರ ಅದೇ ಮೊದಲು.

ಅಂದು ಹವ್ಯಾಸಿ ತಂಡವೊಂದು ಗಿರೀಶ ಕಾರ್ನಾಡರ ‘ನಾಗಮಂಡಲ’ ಆಡುತ್ತಿತ್ತು. ರಾತ್ರಿ ಆರಿಸಿದ ಮೇಲೆ ಊರಿನ ದೀಪಗಳೆಲ್ಲ ಹಾಳುಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ದೃಶ್ಯ ಬಂತು. ‘ನಮ್ಮ ಹಾಗೇ!’ ಎಂದು ಗೆಳತಿ ನನ್ನ ತೋಳು ಚಿವುಟಿ ನಕ್ಕಳು.

ಆಮೇಲೆ ಅಪ್ಪಣ್ಣ ಬಂದ. ಮಧ್ಯಾಹ್ನ ಬಂದು ಉಂಡು, ಹೊಸ ಹೆಂಡತಿ ರಾಣಿಯನ್ನು ಒಳಗಿಟ್ಟು ಬೀಗ ಜಡಿದು ಹೊರಟ. ಗೆಳತಿಯ ನಗು ನಿಂತಿತು. ಬ್ಯಾಗಿನಿಂದ ಬೀಗದ ಕೈ ತೆಗೆದು ಮುಷ್ಟಿಯಲ್ಲಿ ಹಿಡಿದವಳು ನಾಟಕ ಮುಗಿಯುವವರೆಗೂ ಬಿಡಲಿಲ್ಲ.

‘ಅವನಿಗೂ ನನಗೂ ಏನೇ ವ್ಯತ್ಯಾಸ?’ ಎಂದಳು ಆಟೋದಲ್ಲಿ.

‘ಅವನು ಹೋದದ್ದು ಇನ್ನೊಬ್ಬಳ ಮನೆಗೆ, ನೀನು ಬಂದದ್ದು ನಾಟಕಕ್ಕೆ’ ಎಂದು ತಮಾಷೆ ಮಾಡಲು ಹೋದೆ. ಅವಳು ನಗಲಿಲ್ಲ. ನನಗೂ ಒಳಗೊಳಗೇ ಚುರುಕ್ಕೆಂದಿತು. ಬೀಗ ಹಾಕಿ ಬಾ ಎಂದು ಉಪಾಯ ಹೇಳಿದವಳು ನಾನೇ.

ಒಬ್ಬಳೇ ಒಳಗೆ ಹೋಗಲು ಅಂಜಿ ನನ್ನನ್ನೂ ಇಳಿಸಿಕೊಂಡಳು. ಅತ್ತೆ ಎಚ್ಚರವಾಗಿಯೇ ಇದ್ದರು. ತಪ್ಪಾಯಿತೆನ್ನಲು ಬಾಯಿ ಬಾರದೆ, ಗೆಳತಿ ಮಂಚದ ಅಂಚಿಗೆ ಕೂತು ನಾಟಕದ ಕಥೆ ಹೇಳತೊಡಗಿದಳು. ಬೀಗದ ಮಾತು ಬಂದಾಗ ದನಿ ತಗ್ಗಿತು. ಅತ್ತೆ ಅದನ್ನು ಗಮನಿಸಿದರೋ ಇಲ್ಲವೋ! ಕಣ್ಣು ಕಾಣದ ಕುರುಡವ್ವ ಮಗನ ಬೆನ್ನೇರಿ ಬಂದು ಕಿಟಕಿಯಲ್ಲಿ ರಾಣಿಯನ್ನು ಮಾತಾಡಿಸುತ್ತಾಳೆ ಎಂದಾಗ ಮಾತ್ರ ಅವರ ಮುಖ ಅರಳಿತು.

‘ಹೊತ್ಕೊಂಡು ಬರೋ ಮಗ ಇದ್ದನಲ್ಲ, ಪುಣ್ಯವಂತೆ! ನಾನೂ ಹುಡುಗಿಯಾಗಿದ್ದಾಗ ಕಂಪನಿ ನಾಟಕ ಅಂದ್ರೆ ಊಟ ಬಿಟ್ಟು ಓಡ್ತಿದ್ದೆ ಕಣಮ್ಮ’ ಎಂದರು.

ಹತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಗೆಳತಿಗೆ ಈ ಸಂಗತಿ ಗೊತ್ತಿರಲಿಲ್ಲ.

ಮುಂದಿನ ಸಲ ಆಟೋವನ್ನು ಬಾಗಿಲ ಬಳಿಗೇ ತರಿಸಿ, ಎರಡು ಕಡೆಯಿಂದ ತೋಳು ಹಿಡಿದು ಅವರನ್ನೂ ಕರೆದುಕೊಂಡು ಹೋದೆವು. ಅಂದು ಮನೆಗೆ ಬೀಗ ಹಾಕಿದವರು ಅತ್ತೆಯೇ. ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.