ಒತ್ತಕ್ಷರಕ್ಕೆ ಜಾಗ

ನಮ್ಮೂರಿನ ಗೋಡೆಗಳು ಬಾಯಿ ಬಿಡುತ್ತಿದ್ದುದೇ ಗದರುವುದಕ್ಕೆ: ‘ಇಲ್ಲಿ ಜಾಹೀರಾತು ಅಂಟಿಸಬಾರದು’, ‘ಇಲ್ಲಿ ಮೂತ್ರ ಮಾಡಬಾರದು’. ಗೋಡೆ ಮೇಲೆ ಗೀಚುವವರು ಪುಂಡರು ಎಂಬುದು ಹಿರಿಯರ ತೀರ್ಪು. ಸ್ವೀಡನ್ನಿನಲ್ಲೂ ಆ ತೀರ್ಪಿಗೆ ಬೆಂಬಲವಿತ್ತು. ಸ್ಟಾಕ್‌ಹೋಮ್ ನಗರಾಡಳಿತ 2007ರಲ್ಲಿ ಗ್ರಾಫಿಟಿಯನ್ನು ಕಿಂಚಿತ್ತೂ ಸಹಿಸುವುದಿಲ್ಲವೆಂಬ ನೀತಿ ತಂದಿತು. ಅದು ರದ್ದಾದದ್ದು 2014ರಲ್ಲಿ. ಅದೇ ವರ್ಷ ನಗರದ ದಕ್ಷಿಣ ಅಂಚಿನ ಸ್ನೋಸೇತ್ರ ಎಂಬ ಹಳೆಯ ಕೈಗಾರಿಕಾ ಪ್ರದೇಶದ ಗೋಡೆಗಳ ಮೇಲೆ ಕಲಾವಿದರು ಚಿತ್ರ ಬರೆಯತೊಡಗಿದರು.

ನನಗೆ ಆ ಜಾಗ ತೋರಿಸಿದವಳು ಮಗಳು. ಆಗ ಅವಳು ನಾವಿರುವ ಸೋಡರ್‌ಟೆಲ್ಯೆಯಲ್ಲೇ ಕೆಟಿಎಚ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದಳು. ಕಾಲುವೆ, ಟ್ರಕ್ ಕಾರ್ಖಾನೆಗಳ ಈ ಊರಿನ ಅಂಗಡಿಗಳಲ್ಲಿ ಸ್ವೀಡಿಷ್‌ನಷ್ಟೇ ಸಲೀಸಾಗಿ ಸಿರಿಯಾಕ್ ಕಿವಿಗೆ ಬೀಳುತ್ತದೆ. 1967ರಿಂದ ಬಂದು ನೆಲೆಸಿದ ಸಮುದಾಯ ಅದು. ಕನ್ನಡಕ್ಕೆ ಆ ಬಲ ಇಲ್ಲಿಲ್ಲ. ಒಂದು ಪುರಸಭೆಯಲ್ಲಿ ಕನಿಷ್ಠ 5 ಮಕ್ಕಳು ಕೇಳಿದರೆ, ತಕ್ಕ ಶಿಕ್ಷಕರೂ ಸಿಕ್ಕರೆ, ಸರ್ಕಾರಿ ಶಾಲೆ ಮಾತೃಭಾಷೆ ಕಲಿಸಲೇಬೇಕು. ಮಗಳು ಶಾಲೆಗೆ ಹೋಗುವಾಗ ನಾವು ಎಷ್ಟು ಎಣಿಸಿದರೂ ಮೂರೇ ಮಕ್ಕಳು. ಹಾಗಾಗಿ ಅವಳ ಕನ್ನಡ ನಾಲಿಗೆಯಲ್ಲಿ ಉಳಿಯಿತು, ಬೆರಳಿಗೆ ಇಳಿಯಲಿಲ್ಲ. ಅಜ್ಜಿಯ ಕಾಗದಗಳನ್ನು ನಾನೇ ಓದಿ ಹೇಳಬೇಕಿತ್ತು.

ಒಂದು ಭಾನುವಾರ, “ಅಪ್ಪಾ, ಗೋಡೆ ಮೇಲೆ ಅಜ್ಜಿ ಊರಿನ ಹೆಸರು ಬರೀಬೇಕು, ಅಕ್ಷರ ಹೇಳಿಕೊಡು” ಎಂದಳು. ಲೋಕಲ್ ರೈಲಿನಲ್ಲಿ ಸ್ಟಾಕ್‌ಹೋಮಿಗೆ ಹೋಗುವಾಗಲೇ ಚೀಟಿಯ ಮೇಲೆ ‘ತೀರ್ಥಹಳ್ಳಿ’ ಎಂದು ಬರೆಸಿಕೊಂಡಳು. ಅಲ್ಲಿಂದ ಮೆಟ್ರೊದಲ್ಲಿ ರೋಗ್ಸ್‌ವೇಡ್, ಆಮೇಲೆ ನಡಿಗೆ.

ಗೋದಾಮುಗಳ ನಡುವಿನ ದಾರಿಯ ಎರಡೂ ಬದಿ ಬಣ್ಣವೋ ಬಣ್ಣ. ಮಗಳು ಸ್ಪ್ರೇ ಡಬ್ಬಿ ಅಲ್ಲಾಡಿಸಿ ಶುರು ಮಾಡಿದಳು. ಬರೆದದ್ದು ನೆಲದ ಹತ್ತಿರ. ‘ಳ್ಳಿ’ಗೆ ಬರುವಷ್ಟರಲ್ಲಿ ಒತ್ತಕ್ಷರಕ್ಕೆ ಗೋಡೆಯೇ ಉಳಿದಿರಲಿಲ್ಲ. “ಇಂಗ್ಲಿಷಿನ ಹಾಗಲ್ಲ ಮಗಾ, ನಮ್ಮದಕ್ಕೆ ಕೆಳಗೂ ಜಾಗ ಬಿಡಬೇಕು” ಎಂದೆ. ಬಿಳಿ ಬಳಿದು, ಎರಡಡಿ ಮೇಲಿಂದ ಮತ್ತೆ ಬರೆದಳು. ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗ ನೋಡಿ, ಈ ಅಕ್ಷರಗಳಿಗೆ ಬೇರೆ ಅಲಂಕಾರವೇ ಬೇಡವಲ್ಲ ಎಂದ.

ನಮ್ಮ ಶಾಸನಗಳ ತಲೆಯಲ್ಲಿ ಸೂರ್ಯಚಂದ್ರರನ್ನು ಕೊರೆಯುತ್ತಿದ್ದರು, ಅವರಿರುವಷ್ಟು ಕಾಲ ಬರಹವೂ ಇರಲಿ ಎಂದು. ಈ ಗೋಡೆಯ ಲೆಕ್ಕವೇ ಬೇರೆ. ಮೂರು ವಾರ ಬಿಟ್ಟು ಹೋದಾಗ ತೀರ್ಥಹಳ್ಳಿಯ ಮೇಲೆ ಯಾರೋ ದೊಡ್ಡ ನೀಲಿ ಮೀನು ಬರೆದಿದ್ದರು. ನನಗೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಮಗಳು ಮಾತ್ರ, “ಅದಕ್ಕೇ ಅಲ್ವಾ ಅಪ್ಪಾ ಗೋಡೆ ಇರೋದು?” ಎಂದು ಇನ್ನೊಂದು ಖಾಲಿ ಮೂಲೆ ಹುಡುಕಿ ಅದೇ ಹೆಸರು ಬರೆದಳು. ಈ ಸಲ ಚೀಟಿ ನೋಡಲಿಲ್ಲ.

ಆಮೇಲೆ ಆ ಪ್ರದೇಶ ತೆರವು ಮಾಡಲು ನಗರಾಡಳಿತ ನಿರ್ಧರಿಸಿತು, ಕಟ್ಟಡಗಳು ಉರುಳತೊಡಗಿದವು. ಅವಳು ಬರೆದ ಗೋಡೆ ನಿಂತಿದೆಯೋ ಬಿದ್ದಿದೆಯೋ ನಾವು ಹೋಗಿ ನೋಡಿಲ್ಲ. ಆದರೆ ನಮ್ಮ ಫ್ರಿಜ್ ಬಾಗಿಲಿನ ದಿನಸಿ ಪಟ್ಟಿ ಈಗ ಅವಳ ಕೈಬರಹದ್ದು: ಅಕ್ಕಿ, ಬೆಲ್ಲ, ಕೊತ್ತಂಬರಿ ಸೊಪ್ಪು. ಸಾಲುಗಳ ನಡುವೆ ಒತ್ತಕ್ಷರಕ್ಕೆ ಬೇಕಾದಷ್ಟು ಜಾಗ ಬಿಟ್ಟಿರುತ್ತಾಳೆ.